ಬೆಕ್ಕು ಪಿಕಳಾರ ಹಿಡಿದು ತಂದಿದೆ, ಗಾಯ ಕಾಣ್ತಿಲ್ಲ. ಹಾಗೇ ಬಿಟ್ಟುಬಿಡಲಾ?

ತೋಟದಮನೆ, ತೀರ್ಥಹಳ್ಳಿ | ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಮ್ಮ ಮನೆ ಬೆಕ್ಕು ಕರಿಯ ಈಗಷ್ಟೇ ಒಂದು ಪಿಕಳಾರವನ್ನು ಕಚ್ಚಿಕೊಂಡು ಅಡುಗೆಮನೆಗೆ ಬಂದ. ಗದರಿಸಿದ ಕೂಡಲೇ ಬಿಟ್ಟು ಓಡಿದ. ಹಕ್ಕಿಗೆ ಜೀವ ಇದೆ. ರಕ್ತ ಎಲ್ಲೂ ಇಲ್ಲ. ಬಾಲದ ಪುಕ್ಕ ಮಾತ್ರ ಹೆಚ್ಚುಕಡಿಮೆ ಪೂರ್ತಿ ಕಿತ್ತುಹೋಗಿದೆ. ಕೊಕ್ಕು ತೆರೆದುಕೊಂಡು ಉಸಿರಾಡುತ್ತಿದೆ. ಸದ್ಯಕ್ಕೆ ಬುಟ್ಟಿ ಕವುಚಿ ಹಾಕಿದ್ದೇನೆ.

ಅರಿಶಿನ ಹಚ್ಚಿ, ನೀರು ಕುಡಿಸಿ ಮರದ ಮೇಲೆ ಬಿಡು ಅಂತ ಅತ್ತೆ ಹೇಳ್ತಿದ್ದಾರೆ. ಸಾಕೋಣ ಅಂತ ಮಗಳ ಹಟ. ಶಿವಮೊಗ್ಗ ಇಲ್ಲಿಂದ 60 ಕಿ.ಮೀ. ಹಕ್ಕಿ ನೋಡುವ ಡಾಕ್ಟರ್ ಯಾರೂ ಗೊತ್ತಿಲ್ಲ. ಗಾಯ ಇಲ್ಲ ಅಂದಮೇಲೆ ಬಿಟ್ಟರೆ ಸಾಕಲ್ವಾ?

ಸುಮ್ನೆಬಂದೆ | 7:46

ಬಿಟ್ಟುಬಿಡಿ. ಕಾಡುಹಕ್ಕಿ, ಅದರ ಪಾಡಿಗೆ ಅದು ಸುಧಾರಿಸಿಕೊಳ್ಳುತ್ತೆ. ನಾವು ಕೈ ಹಾಕಿದಷ್ಟೂ ಕೆಡುತ್ತೆ.

ಬೆಕ್ಕಿನಮ್ಮ, ಮೈಸೂರು | 7:49

ಅಯ್ಯೋ ಬಿಡಬೇಡಿ! ಬೆಕ್ಕಿನ ಹಲ್ಲು ತಾಗಿದ ಹಕ್ಕಿ ಹಾಗೇ ಬದುಕೋದು ಕಷ್ಟ. ಹಾಸನದ ಹಸುಡಾಕ್ಟ್ರು ಇಲ್ಲೇ ಎಲ್ಲೋ ಇರ್ತಾರೆ, ಯಾರಾದರೂ ಕರೀರಿ.

ಅಡಿಕೆಸುಲಿ, ಸಾಗರ | 7:52

ಮೊದಲು ಬೆಕ್ಕನ್ನು ರೂಮಿಗೆ ಹಾಕಿ ಚಿಲಕ ಜಡಿಯಿರಿ ಮಾರಾಯ್ರೆ. ಬುಟ್ಟಿಯೆಲ್ಲಾ ಅದಕ್ಕೆ ಯಾವ ಲೆಕ್ಕ.

ಹಸುಡಾಕ್ಟ್ರು, ಹಾಸನ | 8:05

ತೋಟದಮನೆ ಅವರೇ, ಬಿಡಬೇಡಿ. ಗಾಯ ಕಾಣ್ತಿಲ್ಲ ಅಂದ ಮಾತ್ರಕ್ಕೆ ಗಾಯ ಇಲ್ಲ ಅಂತಲ್ಲ. ಬೆಕ್ಕಿನ ಕೋರೆಹಲ್ಲು ಸಪೂರ, ಚೂಪು. ಚರ್ಮದಲ್ಲಿ ಸಣ್ಣ ತೂತು ಮಾಡಿ ಆಳಕ್ಕೆ ಇಳಿಯುತ್ತದೆ. ಮೇಲೆ ಪುಕ್ಕ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಒಂದು ಹನಿ ರಕ್ತವೂ ಬಂದಿರಲ್ಲ.

ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಮಲ್ಟೋಸಿಡಾ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯ. ಬೆಕ್ಕಿಗೆ ಅದರಿಂದ ತೊಂದರೆ ಇಲ್ಲ. ದನ ಕಟ್ಟಿದವರಿಗೆ ಗೊತ್ತಿರುತ್ತೆ, ಮಳೆಗಾಲಕ್ಕೆ ಮುಂಚೆ ಗಂಟಲು ಬೇನೆಗೆ ಲಸಿಕೆ ಹಾಕಿಸ್ತೀವಲ್ಲ, ಅದನ್ನು ತರುವುದೂ ಇದೇ ಜಾತಿಯ ರೋಗಾಣು. ಕೋಳಿ ಕಾಲರಾ ಬರುವುದೂ ಇದರಿಂದಲೇ. ಸಣ್ಣ ಹಕ್ಕಿಯ ರಕ್ತಕ್ಕೆ ಇದು ಸೇರಿದರೆ ಒಂದೆರಡು ದಿನದಲ್ಲೇ ಕಥೆ ಮುಗಿಯುತ್ತದೆ. ಹಾರಿಹೋಯ್ತು, ಬದುಕಿತು ಅಂತ ನಾವು ಅಂದುಕೊಂಡಿರುತ್ತೇವೆ. ಅದು ಎಲ್ಲೋ ಪೊದೆಯಲ್ಲಿ ಸತ್ತು ಬಿದ್ದಿರುತ್ತದೆ. ಆ್ಯಂಟಿಬಯಾಟಿಕ್ ಬೇಗ ಬೀಳಬೇಕು. ಇವತ್ತೇ, ಆದಷ್ಟು ಮಧ್ಯಾಹ್ನದೊಳಗೆ.

ಅಲ್ಲಿಯವರೆಗೆ ಒಂದು ರಟ್ಟಿನ ಡಬ್ಬ ತಗೊಳ್ಳಿ. ಚಪ್ಪಲಿ ಡಬ್ಬ ಆದರೂ ನಡೆಯುತ್ತೆ. ಗಾಳಿಗೆ ತೂತು ಮಾಡಿ, ಒಳಗೆ ಹಳೇ ಬನಿಯನ್ ಬಟ್ಟೆ ಹಾಸಿ. ಟರ್ಕಿ ಟವೆಲ್ ಬೇಡ, ಅದರ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿಯನ್ನು ಒಳಗಿಟ್ಟು ಮುಚ್ಚಿ, ಕತ್ತಲೆ ಇರುವ, ಸದ್ದಿಲ್ಲದ ಕೋಣೆಯಲ್ಲಿಡಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಸೆಕೆ ಆದರೆ ಆ ಕಡೆ ಸರಿಯಲು ಜಾಗ ಬೇಕು. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬೇಡಿ. ನಾವು ಇಣುಕಿದರೆ ಇನ್ನೊಂದು ಬೆಕ್ಕು ಬಂತು ಅಂತಲೇ ಅದರ ಲೆಕ್ಕ.

ಅರಿಶಿನ, ಎಣ್ಣೆ, ಮುಲಾಮು ಯಾವುದೂ ಹಚ್ಚಬೇಡಿ. ಬಾಯಿಗೆ ನೀರು ಬಿಡಲೇಬೇಡಿ.

ಗಿರಿಜಕ್ಕ, ಧಾರವಾಡ | 8:11

ಡಾಕ್ಟ್ರೇ, ಅರಿಶಿನಕ್ಕೆ ಯಾಕೆ ಬೇಡ ಅಂತೀರಿ? ನಮ್ಮ ಅಜ್ಜಿ ಕೋಳಿಗೆ, ಕರುವಿಗೆ ಎಲ್ಲಾದಕ್ಕೂ ಅದನ್ನೇ ಹಚ್ಚುತ್ತಿದ್ದರು. ಎಲ್ಲಾ ಬದುಕಿದ್ದವು.

ಹಸುಡಾಕ್ಟ್ರು, ಹಾಸನ | 8:16

ಕರುವಿನ ಚರ್ಮ ಬೇರೆ, ಪಿಕಳಾರದ ಮೈ ಬೇರೆ ಅಕ್ಕ. ಅರಿಶಿನವನ್ನು ಎಣ್ಣೆಯಲ್ಲಿ ಕಲೆಸಿ ಹಚ್ಚಿದರೆ ಪುಕ್ಕ ಅಂಟಿಕೊಳ್ಳುತ್ತದೆ. ಮೈ ಬೆಚ್ಚಗಿಡುವುದು ಪುಕ್ಕದ ನಡುವಿನ ಗಾಳಿ. ಅದೇ ಹೋದರೆ ಹಕ್ಕಿ ಚಳಿಗೇ ಸಾಯುತ್ತೆ. ಅಲ್ಲದೆ ವಿಷ ಆಗಲೇ ಒಳಗೆ ಇಳಿದಿರುವಾಗ ಮೇಲೆ ಹಚ್ಚಿ ಏನು ಪ್ರಯೋಜನ?

ತೋಟದಮನೆ, ತೀರ್ಥಹಳ್ಳಿ | 8:20

ಡಬ್ಬಕ್ಕೆ ಹಾಕಿದೆ. ಕರಿಯ ಅಡಿಕೆ ಕೋಣೆಯಲ್ಲಿ ಬಂದಿ, ಕಿರುಚುತ್ತಿದ್ದಾನೆ. ನೀರು ಯಾಕೆ ಬೇಡ? ಬಾಯಿ ಬಿಟ್ಟುಕೊಂಡಿದೆ, ಬಾಯಾರಿಕೆ ಅಂತ ಅತ್ತೆ ಸಂಕಟ ಪಡ್ತಿದ್ದಾರೆ.

ಹಕ್ಕಿನೋಟ, ಮಂಗಳೂರು | 8:24

ಅದು ಬಾಯಾರಿಕೆ ಅಲ್ಲ, ಗಾಬರಿ. ಎದೆಗೆ ಪೆಟ್ಟು ಬಿದ್ದಿದ್ದರೂ ಹಾಗೆ ಉಸಿರಾಡುತ್ತೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಕೊಕ್ಕಿಗೆ ನೀರು ಬಿಟ್ಟರೆ ನೆಟ್ಟಗೆ ಅದರೊಳಗೇ ಹೋಗಬಹುದು. ಒಳ್ಳೇ ಮನಸ್ಸಿನಿಂದ ಹನಿ ನೀರು ಬಿಟ್ಟು ಹಕ್ಕಿ ಕೊಂದವರು ಬೇಕಾದಷ್ಟು ಜನ ಇದ್ದಾರೆ. ಹಾಲು ಅನ್ನ ಕೂಡ ಬೇಡ, ಹಕ್ಕಿಗೆ ಹಾಲು ಅರಗಲ್ಲ.

ಒಂದು ಫೋಟೋ ಹಾಕಿ. ಕಣ್ಣಿನ ಹಿಂದೆ ಕೆಂಪು ಮಚ್ಚೆ ಇದೆಯಾ ನೋಡಬೇಕು. ಕೆಮ್ಮೀಸೆ ಪಿಕಳಾರದ ಮರಿಗೆ ಆ ಕೆಂಪು ಇರಲ್ಲ.

ತೋಟದಮನೆ, ತೀರ್ಥಹಳ್ಳಿ | 8:27

[ಫೋಟೋ] ಡಬ್ಬಕ್ಕೆ ಹಾಕುವಾಗ ಮಗಳು ತೆಗೆದದ್ದು. ಕೆಂಪು ಇದೆ.

ಹಕ್ಕಿನೋಟ, ಮಂಗಳೂರು | 8:31

ಹಾಗಾದರೆ ದೊಡ್ಡ ಹಕ್ಕಿಯೇ. ಈಗ ಏಪ್ರಿಲ್, ಎಲ್ಲೋ ಪಕ್ಕದ ದಾಸವಾಳದ ಗಿಡದಲ್ಲೋ ಬೇಲಿಯಲ್ಲೋ ಇದರ ಗೂಡು ಇರಬಹುದು. ಹುಡುಕಲು ಹೋಗಬೇಡಿ. ನೀವು ಓಡಾಡಿದರೆ ಕಾಗೆಗೆ, ಕೆಂಬೂತಕ್ಕೆ ಗೂಡಿನ ದಾರಿ ತೋರಿಸಿದ ಹಾಗೆ. ಗಂಡು ಹೆಣ್ಣು ಎರಡೂ ಮರಿಗೆ ಗುಟುಕು ಕೊಡುತ್ತವೆ, ಉಳಿದದ್ದು ನೋಡಿಕೊಳ್ಳುತ್ತೆ.

ಸುಮ್ನೆಬಂದೆ | 8:35

ಆದರೆ ಮನುಷ್ಯರ ಕೈವಾಸನೆ ಬಂದರೆ ಬೇರೆ ಹಕ್ಕಿಗಳು ಇದನ್ನು ಸೇರಿಸಲ್ಲ ತಾನೇ?

ಹಕ್ಕಿನೋಟ, ಮಂಗಳೂರು | 8:38

ಅದೆಲ್ಲಾ ಹಳೇ ಕಥೆ. ಕೆಳಗೆ ಬಿದ್ದ ಮರಿಯನ್ನು ಕೈಯಲ್ಲಿ ಎತ್ತಿ ಗೂಡಿಗೆ ಇಟ್ಟರೂ ತಾಯಿ ಬಂದು ಗುಟುಕು ಕೊಡುತ್ತೆ. ಇನ್ನೊಂದು ಮಾತು, ಇದು ಬೇರೆಯವರಿಗೂ ಬೇಕಾಗುತ್ತೆ. ಬಾಲ ಗಿಡ್ಡ ಇದ್ದು, ಪುಕ್ಕ ಬಂದಿದ್ದು, ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಅದಕ್ಕೆ ನಮ್ಮ ಸಹಾಯ ಬೇಡ. ಎತ್ತಿ ಪೊದೆಯ ಮೇಲೆ ಕೂರಿಸಿ, ಬೆಕ್ಕನ್ನು ಒಳಗೆ ಹಾಕಿ, ದೂರ ಹೋಗಿ. ಆದರೆ ಬೆಕ್ಕು ಬಾಯಿ ಹಾಕಿದ್ದು ಕಣ್ಣಾರೆ ಕಂಡಿದ್ದರೆ ಮರಿಯಾದರೂ ಡಾಕ್ಟರ್ ಹತ್ತಿರ ಹೋಗಲೇಬೇಕು.

ಮೆಡಿಕಲ್‌ಸ್ಟೋರ್, ದಾವಣಗೆರೆ | 8:41

ಅಷ್ಟು ದೂರ ಯಾಕೆ? ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಎಲ್ಲರ ಮನೆಯಲ್ಲೂ ಇರುತ್ತೆ. ಒಂದು ಹನಿ ಹಾಕಿದರಾಯ್ತು. ನೋವಿಗೆ ಪ್ಯಾರಸಿಟಮಾಲ್ ಅರ್ಧ ಹನಿ.

ಹಸುಡಾಕ್ಟ್ರು, ಹಾಸನ | 8:47

ದಯವಿಟ್ಟು ಹೀಗೆಲ್ಲಾ ಬರೀಬೇಡಿ ಸರ್. ಪಿಕಳಾರದ ತೂಕ ಹೆಚ್ಚೆಂದರೆ 30 ಗ್ರಾಂ ಆಚೀಚೆ. ಆ ಮೈಗೆ ಒಂದು ಹನಿಯೂ ಡೋಸ್ ಮೀರಬಹುದು, ಇಲ್ಲವೇ ಸಾಲದೇ ಹೋಗಬಹುದು. ತೂಗಿ, ಲೆಕ್ಕ ಹಾಕಿ, ಇನ್ಸುಲಿನ್ ಸಿರಿಂಜಿನಲ್ಲಿ ಅಳೆದು ಕೊಡಬೇಕು. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ.

ತೋಟದಮನೆ ಅವರೇ, ಹಕ್ಕಿ ಡಾಕ್ಟರೇ ಆಗಬೇಕಿಲ್ಲ. ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. "ಬೆಕ್ಕು ಕಚ್ಚಿದ ಹಕ್ಕಿ, ಆ್ಯಂಟಿಬಯಾಟಿಕ್ ಬೇಕು" ಅಂತ ಮೊದಲೇ ಫೋನ್ ಮಾಡಿ ಹೇಳಿ. ನಾಯಿ ಬೆಕ್ಕಿಗೆ ಕೊಡುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇದ್ದೇ ಇರುತ್ತೆ. ಡೋಸ್ ಅನುಮಾನ ಇದ್ದರೆ ವನ್ಯಜೀವಿ ಆಸ್ಪತ್ರೆಯವರ ಜೊತೆ ಅವರೇ ಫೋನಿನಲ್ಲಿ ಮಾತಾಡಲಿ. ಬೆಂಗಳೂರಿನ ಕೆಂಗೇರಿ ಕಡೆ ಪೀಪಲ್ ಫಾರ್ ಆ್ಯನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಅದನ್ನೂ ಒಯ್ಯಿರಿ. ಹಸು ತೂಗುವ ಕಡೆ 30 ಗ್ರಾಂ ತೂಗುವುದು ಕಷ್ಟ!

ರಾಮನಗರದವ | 8:58

ನೋವಿನ ಔಷಧಿ ಅಂದಾಗ ನೆನಪಾಯ್ತು. ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳ ಜಾತಿಗೆ ಕುತ್ತು ತಂದದ್ದೂ ಇಂಥದ್ದೇ. ದನಕ್ಕೆ ಡೈಕ್ಲೋಫಿನಾಕ್ ಕೊಡ್ತಿದ್ರು. ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಟ್ಟು ದೇಶದ ತುಂಬಾ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧ ಆಯ್ತು. ಬೆಟ್ಟವನ್ನು ರಣಹದ್ದು ಧಾಮ ಅಂತ ಮಾಡಿದ್ದು 2012ರಲ್ಲಿ. ಅಷ್ಟರಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು.

ಅಡಿಕೆಸುಲಿ, ಸಾಗರ | 9:02

ಪಿಕಳಾರದಿಂದ ರಣಹದ್ದಿಗೆ ಬಂದೆವು. ಸಂಜೆಯೊಳಗೆ ಡೈನೋಸಾರ್.

ಕಪ್ಪುಕೋಟು, ಹುಬ್ಬಳ್ಳಿ | 9:10

ಸಾಕುವ ವಿಚಾರಕ್ಕೆ ಒಂದು ಮಾತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಗಾಯದ ಹಕ್ಕಿ ಕೈಗೆ ಬಂದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಅರಣ್ಯ ಸಹಾಯವಾಣಿ 1926. ಗಾಬರಿ ಬೇಡ, ಉಪಚಾರ ಮಾಡಿದವರನ್ನು ಯಾರೂ ಹಿಡಿದುಕೊಂಡು ಹೋಗಲ್ಲ. ತಿಳಿಸಿಡಿ ಅಷ್ಟೇ. ಮಗಳಿಗೂ ಹೀಗೇ ಹೇಳಿ.

ಬಿಸಿಬೇಳೆ, ಬೆಂಗಳೂರು | 9:15

ಕಪ್ಪುಕೋಟು ಸರ್, ಹಾಗಾದರೆ ಗಿಳಿ ಸಾಕಿದವರು? ನಮ್ಮ ಬೀದಿಯಲ್ಲೇ ಮೂರು ಪಂಜರ ಇವೆ.

ಕಪ್ಪುಕೋಟು, ಹುಬ್ಬಳ್ಳಿ | 9:17

ನಮ್ಮ ದೇಶದ ಗಿಳಿ ಆದರೆ ಅಪರಾಧವೇ. ಜ್ಯೋತಿಷ್ಯ ಹೇಳಿಸಿದರೂ ಅಪರಾಧವೇ.

ತೋಟದಮನೆ, ತೀರ್ಥಹಳ್ಳಿ | ಮಧ್ಯಾಹ್ನ 12:50

ಹೋಗಿ ಬಂದೆವು. ಡಾಕ್ಟರ್ ಒಳ್ಳೆಯವರು. "ಹಕ್ಕಿ ನೋಡಿ ಎಷ್ಟೋ ಕಾಲ ಆಯ್ತಮ್ಮ" ಅಂತ ಮೊದಲೇ ಹೇಳಿಬಿಟ್ಟರು. ಬೆಂಗಳೂರಿಗೆ ಫೋನ್ ಮಾಡಿ ಕೇಳಿಯೇ ಕೈ ಹಾಕಿದರು. ನಮ್ಮ ತಕ್ಕಡಿಯಲ್ಲಿ 27 ಗ್ರಾಂ ಬಂತು.

ಹತ್ತಿಯನ್ನು ನೀರಲ್ಲಿ ಅದ್ದಿ, ರೆಕ್ಕೆಯ ಬುಡದ ಪುಕ್ಕವನ್ನು ಎರಡೂ ಕಡೆಗೆ ಸರಿಸಿ ತೋರಿಸಿದರು. ಅಲ್ಲಿ ಎರಡು ಚುಕ್ಕೆ. ಸಾಸಿವೆ ಕಾಳಿಗಿಂತ ಸಣ್ಣದು. ಸುತ್ತ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಚರ್ಮ ಎಷ್ಟು ತೆಳ್ಳಗಿದೆ ಅಂದರೆ ಒಳಗಿನ ಮಾಂಸ ಕಾಣುತ್ತದೆ. ಬೆಳಿಗ್ಗೆ ಅಷ್ಟು ಹುಡುಕಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಂಜೆಕ್ಷನ್ ಕೊಟ್ಟು, ಮನೆಯಲ್ಲಿ ಕೊಡಲು ಸಿರಿಂಜಿನಲ್ಲಿ ಗುರುತು ಹಾಕಿ ಔಷಧಿ ಕೊಟ್ಟಿದ್ದಾರೆ. ಕೊಕ್ಕಿನ ಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ ತಾಗಿಸುವುದು ಹೇಗೆ ಅಂತಲೂ ತೋರಿಸಿದರು. ಮೂಳೆ ಮುರಿದಿಲ್ಲವಂತೆ. 1926ಕ್ಕೂ ಹೇಳಿದ್ದೇನೆ, ವಲಯ ಕಚೇರಿಯವರು ವಾಪಸ್ ಫೋನ್ ಮಾಡಿದ್ದರು.

ಹಸುಡಾಕ್ಟ್ರು, ಹಾಸನ | 1:05

ಭೇಷ್. ಆ ಚುಕ್ಕೆಗಳ ಸುತ್ತ ಚರ್ಮ ಬಲೂನಿನ ಹಾಗೆ ಉಬ್ಬುತ್ತಾ ಅಂತ ನೋಡ್ತಿರಿ. ಹಕ್ಕಿಯ ಮೈಯೊಳಗೆ ಗಾಳಿಚೀಲಗಳು ಇರುತ್ತವೆ. ಹಲ್ಲು ಅಲ್ಲಿಗೆ ತಾಗಿದ್ದರೆ ಗಾಳಿ ಚರ್ಮದ ಕೆಳಗೆ ಸೋರುತ್ತದೆ. ಹಾಗಾದರೆ ತಕ್ಷಣ ಮತ್ತೆ ಡಾಕ್ಟರಿಗೆ ತೋರಿಸಿ.

ಸಂಜೆ ಹೊತ್ತಿಗೆ ಚುರುಕಾದರೆ ಪಪ್ಪಾಯಿ, ಬಾಳೆಹಣ್ಣಿನ ಸಣ್ಣ ಚೂರು ಇಡಿ. ನೀರನ್ನು ಬಾಟಲಿ ಮುಚ್ಚಳದಲ್ಲಿ ಇಟ್ಟರೆ ಸಾಕು. ತಾನಾಗಿ ತಿನ್ನಲಿ, ತುರುಕಬೇಡಿ.

ಬಸ್‌ಸ್ಟ್ಯಾಂಡ್ | 1:20

ನಿಮ್ಮ ಅದೃಷ್ಟ ಮೇಡಂ. ನಮ್ಮ ಕಡೆ ಒಂದು ಕ್ಲಿನಿಕ್ಕಿಗೆ ಅಳಿಲು ತಗೊಂಡು ಹೋದರೆ "ಇದಕ್ಕೆಲ್ಲಾ ಟೈಮಿಲ್ಲ" ಅಂತ ಬಾಗಿಲಲ್ಲೇ ಕಳಿಸಿದರು.

ತೋಟದಮನೆ, ತೀರ್ಥಹಳ್ಳಿ | 1:24

ಮರೆತಿದ್ದೆ. ಬೆಕ್ಕನ್ನು ಕೋಣೆಗೆ ಹಾಕುವಾಗ ಮಗಳ ಕೈ ಪರಚಿದ್ದಾನೆ. ಗೀರು ಸಣ್ಣದು. ಹಕ್ಕಿ ಮುಟ್ಟಿದ್ದರಿಂದ ಏನಾದರೂ ಬರುತ್ತಾ?

ಹಸುಡಾಕ್ಟ್ರು, ಹಾಸನ | 1:28

ಹಕ್ಕಿಯಿಂದ ರೇಬಿಸ್ ಬರಲ್ಲ. ಬೆಕ್ಕಿನಿಂದ ಬರಬಹುದು. ಗೀರು ಸಣ್ಣದು ಅಂತ ಬಿಡಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಇವತ್ತೇ ಆಸ್ಪತ್ರೆಗೆ ತೋರಿಸಿ. ಲಸಿಕೆ ಬೇಕಾ ಅಂತ ಅವರು ಹೇಳ್ತಾರೆ. ಕರಿಯನಿಗೂ ಲಸಿಕೆ ಹಾಕಿಸಿಲ್ಲದಿದ್ದರೆ ಹಾಕಿಸಿ. ಹಕ್ಕಿ ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೀರಿ.

ಮೆಲ್ಬರ್ನ್‌ಮಾವ | 1:45

ಇಷ್ಟೆಲ್ಲಾ ಆದಮೇಲೆ ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಬೆಕ್ಕನ್ನು ಹೊರಗೆ ಬಿಡೋದು ಯಾಕೆ? ಇಲ್ಲಿ ಆಸ್ಟ್ರೇಲಿಯಾದಲ್ಲಿ ಎಷ್ಟೋ ಕೌನ್ಸಿಲ್‌ಗಳಲ್ಲಿ ರಾತ್ರಿ ಬೆಕ್ಕು ಹೊರಗೆ ಕಂಡರೆ ದಂಡ. ಅಮೆರಿಕದ ಬಗ್ಗೆ 2013ರಲ್ಲಿ ಬಂದ ಒಂದು ಅಧ್ಯಯನದ ಅಂದಾಜು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿ, ಬರೀ ಬೆಕ್ಕಿನ ಬಾಯಿಗೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ದೀಪಸ್ತಂಭದ ಕಾವಲುಗಾರನ ಒಂದೇ ಬೆಕ್ಕು ಒಂದು ಹಕ್ಕಿ ಜಾತಿಯನ್ನೇ ಮುಗಿಸಿತು.

ಹಕ್ಕಿನೋಟ, ಮಂಗಳೂರು | 1:52

ಒಂದೇ ಬೆಕ್ಕು ಅನ್ನೋದು ಉತ್ಪ್ರೇಕ್ಷೆ ಮಾವ. ಆ ದ್ವೀಪದಲ್ಲಿ ಬೆಕ್ಕುಗಳು ಕಾಡುಪಾಲಾಗಿ ಹೆಚ್ಚಿದ್ದವು. 1894ರಲ್ಲಿ ದೀಪಸ್ತಂಭ ಶುರುವಾದದ್ದು, ಹಾರಲು ಬಾರದ ಆ ಪುಟ್ಟ ಹಕ್ಕಿ ಸ್ವಲ್ಪ ಸಮಯದಲ್ಲೇ ಇಲ್ಲವಾದದ್ದು ನಿಜ.

ಅಡಿಕೆಸುಲಿ, ಸಾಗರ | 1:58

ಮಾವ, ಮೆಲ್ಬರ್ನಿನಲ್ಲಿ ಅಡಿಕೆ ಕೋಣೆ ಇದೆಯಾ? ಇಲ್ಲಿ ಬೆಕ್ಕು ಸಾಕೋದೇ ಇಲಿಗೆ. ಬಾಗಿಲು ಹಾಕಿ ಸೋಫಾ ಮೇಲೆ ಕೂರಿಸಿಕೊಂಡರೆ ಇಲಿ ಹಿಡಿಯೋರು ಯಾರು, ನೀವಾ? ಹದ್ದು ಹಿಡಿದರೆ ಪ್ರಕೃತಿ, ಬೆಕ್ಕು ಹಿಡಿದರೆ ಮಾತ್ರ ಪಾಪ.

ಹಕ್ಕಿನೋಟ, ಮಂಗಳೂರು | 2:04

ಪಾಪದ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ಹಕ್ಕಿ ಕಡಿಮೆ ಆದರೆ ಹದ್ದೂ ಕಡಿಮೆ ಆಗುತ್ತೆ. ನಿಮ್ಮ ಬೆಕ್ಕಿಗೆ ಮನೆಯಲ್ಲಿ ಎರಡು ಹೊತ್ತು ಹಾಲು ಅನ್ನ ಇದೆ. ಹಕ್ಕಿ ಎಷ್ಟೇ ಕಡಿಮೆ ಆಗಲಿ, ಬೆಕ್ಕು ಕಡಿಮೆ ಆಗಲ್ಲ. ಹೊಟ್ಟೆಪಾಡಿಗೆ ಹಿಡಿಯೋದಲ್ಲ ಅದು.

ಅಡಿಕೆಸುಲಿ, ಸಾಗರ | 2:06

ಅದು ಹೌದು. ಆದರೂ ಇಲಿ?

ಬೆಕ್ಕಿನಮ್ಮ, ಮೈಸೂರು | 2:15

ಜಗಳ ಬೇಡ, ನಡುವೆ ದಾರಿ ಇದೆ. ಹಕ್ಕಿ ಕೆಳಗೆ ಇಳಿದು ಮೇಯುವುದು ಬೆಳಗಿನ ಜಾವ ಮತ್ತು ಸಂಜೆ. ಆ ಹೊತ್ತಿಗೆ ಮಾತ್ರ ಒಳಗೆ ಹಾಕಿ, ಅದರಲ್ಲೂ ಏಪ್ರಿಲ್ ಮೇ ತಿಂಗಳಲ್ಲಿ. ರಾತ್ರಿ ಅಡಿಕೆ ಕೋಣೆಯಲ್ಲೇ ಬಿಟ್ಟು ಬಾಗಿಲು ಹಾಕಿದರೆ ಇಲಿ ಕೆಲಸವೂ ಆಯ್ತು.

ಗಂಟೆ ಕಟ್ಟಿದರೆ ಸಾಕು ಅಂತ ಯಾರೋ ಈಗ ಬರೀತಾರೆ ನೋಡಿ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಮನೆ ಬೆಕ್ಕುಗಳ ಮೇಲೆ ಪರೀಕ್ಷೆ ಮಾಡಿದ್ದರು. ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮಾಂಸ ಜಾಸ್ತಿ ಇರುವ ಊಟ ಕೊಟ್ಟಾಗ ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ 5-10 ನಿಮಿಷ ಆಟ ಆಡಿಸಿದರೆ 25%. ಕೊರಳಿಗೆ ಎದ್ದು ಕಾಣುವ ಬಣ್ಣದ ಬಟ್ಟೆಪಟ್ಟಿ ಹಾಕಿದರೆ ತರುವ ಹಕ್ಕಿ 42% ಕಡಿಮೆ. ಹಕ್ಕಿಗೆ ಬಣ್ಣ ದೂರದಿಂದಲೇ ಕಾಣುತ್ತೆ. ಇಲಿಗೆ ಬಣ್ಣ ಅಷ್ಟಾಗಿ ಗೊತ್ತಾಗಲ್ಲ, ಹಾಗಾಗಿ ಅಡಿಕೆಸುಲಿ ಅಣ್ಣನಿಗೂ ನಷ್ಟವಿಲ್ಲ.

ಸುಮ್ನೆಬಂದೆ | 2:19

ಗಂಟೆ ಕಟ್ಟಿದರೆ ಸಾಕಲ್ವಾ ಅಂತ ಬರೆಯಲು ಬಂದಿದ್ದೆ. ಹೋಗ್ತೀನಿ.

ಬಿಸಿಬೇಳೆ, ಬೆಂಗಳೂರು | 2:30

ಬೆಕ್ಕಿನ ಮೇಲೇ ಎಲ್ಲಾ ಹೊರಿಸಬೇಡಿ. ನಮ್ಮಲ್ಲಿ ಗಾಳಿಪಟದ ನೈಲಾನ್ ಮಾಂಜಾ ಹದ್ದುಗಳ ರೆಕ್ಕೆ ಕೊಯ್ಯುತ್ತೆ. ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅಂಗಡಿಯಲ್ಲಿ ಮೆಲ್ಲಗೆ ಕೇಳಿದರೆ ಈಗಲೂ ಕೊಡ್ತಾರೆ. ಮರಕ್ಕೆ ಸಿಕ್ಕ ದಾರ ಕಂಡರೆ ಕಿತ್ತು, ಚೂರು ಚೂರು ಕತ್ತರಿಸಿ ಬಿಸಾಕಿ.

ಹಕ್ಕಿನೋಟ, ಮಂಗಳೂರು | 2:33

ಗಾಜಿನ ಕಿಟಕಿಯನ್ನೂ ಸೇರಿಸಿ. ಆ ಚರ್ಚೆ ಬೇರೆ ಶುರು ಮಾಡೋಣ.

ತೋಟದಮನೆ, ತೀರ್ಥಹಳ್ಳಿ | ಮರುದಿನ ಬೆಳಿಗ್ಗೆ 6:55

ಬದುಕಿದೆ! ಪಪ್ಪಾಯಿ ಕುಕ್ಕಿ ತಿಂದು ಡಬ್ಬದ ತುಂಬಾ ಕೆಂಪು ಹಿಕ್ಕೆ ಹಾಕಿದೆ. ಔಷಧಿ ಕೊಡಲು ಹಿಡಿದಾಗ ನನ್ನ ಬೆರಳು ಕುಕ್ಕಿತು. ನಿನ್ನೆ ಅಷ್ಟು ಶಕ್ತಿ ಇರಲಿಲ್ಲ. ಚರ್ಮ ಉಬ್ಬಿಲ್ಲ. ಮಗಳಿಗೆ ಮೊದಲ ಲಸಿಕೆ ಆಯ್ತು. ಈಗ ಹಕ್ಕಿಯನ್ನು ಬಿಡಬಹುದಾ? ತಿನ್ನುತ್ತಿದೆ, ಕುಕ್ಕುತ್ತಿದೆ.

ಹಸುಡಾಕ್ಟ್ರು, ಹಾಸನ | 7:20

ಸಂತೋಷ. ಆದರೆ ಇಲ್ಲ. ಔಷಧಿ ಪೂರ್ತಿ ಮುಗಿಯಲಿ, ಮಧ್ಯದಲ್ಲಿ ನಿಲ್ಲಿಸಿದರೆ ಸೋಂಕು ಮತ್ತೆ ಏಳುತ್ತೆ. ಆಮೇಲೆ ಒಂದು ಕೋಣೆಯಲ್ಲಿ ಕಿಟಕಿಗೆ ಪರದೆ ಎಳೆದು, ಫ್ಯಾನ್ ನಿಲ್ಲಿಸಿ ಹಾರಿಸಿ ನೋಡಿ. ನೆಲದಿಂದ ಮೇಲಕ್ಕೆ ಏರಬೇಕು, ತಿರುಗಬೇಕು. ಬಾಲ ಇಲ್ಲದೆಯೂ ಹಾರುತ್ತೆ, ಆದರೆ ತಿರುವು, ಬ್ರೇಕು ಸರಿ ಇರಲ್ಲ. ಪುಕ್ಕ ಬುಡಸಮೇತ ಕಿತ್ತು ಬಂದಿದ್ದರೆ ಕೆಲವು ವಾರದಲ್ಲಿ ಹೊಸದು ಬರುತ್ತೆ. ಅರ್ಧಕ್ಕೆ ಮುರಿದಿದ್ದರೆ ಮುಂದಿನ ಸಲ ಪುಕ್ಕ ಉದುರಿಸುವವರೆಗೆ ಕಾಯಬೇಕು. ಅಷ್ಟು ಕಾಲ ನೀವು ಇಟ್ಟುಕೊಳ್ಳಬೇಕಿಲ್ಲ, ಅರಣ್ಯದವರು ಏನು ಹೇಳ್ತಾರೋ ಹಾಗೆ ಮಾಡಿ.

ಗಿರಿಜಕ್ಕ, ಧಾರವಾಡ | 7:31

ಹೆಸರು ಇಟ್ಟಿರೋ ಇಲ್ಲೋ?

ಹಕ್ಕಿನೋಟ, ಮಂಗಳೂರು | 7:33

ಇಡಬೇಡಿ. ಮಾತಾಡಿಸಲೂ ಬೇಡಿ. ನಮ್ಮನ್ನು ಕಂಡರೆ ಹೆದರಬೇಕು, ಅದೇ ಅದಕ್ಕೆ ಒಳ್ಳೇದು.

ತೋಟದಮನೆ, ತೀರ್ಥಹಳ್ಳಿ | 7:36

ತಡವಾಯ್ತು. ಮಗಳು "ಮೊಂಡುಬಾಲ" ಅಂತ ಇಟ್ಟಾಗಿದೆ.

ತೋಟದಮನೆ, ತೀರ್ಥಹಳ್ಳಿ | ಮುಂದಿನ ವಾರ, ಸಂಜೆ 5:10

ಔಷಧಿ ಕೋರ್ಸ್ ಮುಗಿಯಿತು. ಕೋಣೆಯಲ್ಲಿ ಹಾರಿಸಿದೆವು. ನೆಲದಿಂದ ಬೀರುವಿನ ಮೇಲಕ್ಕೆ ಏರಿತು, ಇಳಿಯುವಾಗ ಮಾತ್ರ ಗೋಡೆಗೆ ತಾಗಿತು. ಬಾಲದ ಬುಡದಲ್ಲಿ ನೀಲಿ ಬಣ್ಣದ ಸಣ್ಣ ಕೊಳವೆಗಳು ಮೂಡಿವೆ, ಅದರೊಳಗೇ ಹೊಸ ಪುಕ್ಕ ಅಂತ ಡಾಕ್ಟರ್ ಹೇಳಿದರು. ಪುಕ್ಕ ಬರುವವರೆಗೆ ಇಟ್ಟುಕೊಳ್ಳಲು ಅರಣ್ಯದವರು ಇವತ್ತು ತಗೊಂಡು ಹೋದರು. ಬಲೆಯ ದೊಡ್ಡ ಗೂಡು ಇದೆಯಂತೆ, ಹಾರಾಟ ಅಭ್ಯಾಸ ಆಗುತ್ತೆ. ಆಮೇಲೆ ನಮ್ಮ ತೋಟದ ಹತ್ತಿರವೇ ಬಿಡಿ ಅಂತ ಕೇಳಿಕೊಂಡಿದ್ದೇನೆ. ಬರೆದುಕೊಂಡರು.

ಬೆಕ್ಕಿನಮ್ಮ ಅವರೇ, ಆ ಕೊರಳಪಟ್ಟಿ ಮನೆಯಲ್ಲೇ ಹೊಲಿಯಬಹುದಾ? ಬ್ಲೌಸ್ ಪೀಸ್ ಬೇಕಾದಷ್ಟು ಬಿದ್ದಿವೆ.

ಬೆಕ್ಕಿನಮ್ಮ, ಮೈಸೂರು | 5:26

ಧಾರಾಳವಾಗಿ. ಕಡು ಕೆಂಪು, ಹಳದಿ, ಬಿಳಿ ಒಟ್ಟಿಗೆ ಇರುವ ಚಿತ್ತಾರದ ಬಟ್ಟೆ ತಗೊಳ್ಳಿ. ಎರಡು ಇಂಚು ಅಗಲಕ್ಕೆ ಕೊಳವೆ ಥರ ಹೊಲಿದು ಪಟ್ಟಿಯ ಮೇಲೆ ತೂರಿಸಿ. ಪಟ್ಟಿ ಮಾತ್ರ ಎಳೆದರೆ ಬಿಚ್ಚಿಕೊಳ್ಳುವಂಥದ್ದು ಇರಲಿ. ಗಟ್ಟಿ ಬಕಲ್ ಹಾಕಿದರೆ ಬೇಲಿಗೆ ಸಿಕ್ಕಿ ಉರುಳು ಆಗುತ್ತೆ. ಕೊರಳಿಗೂ ಪಟ್ಟಿಗೂ ನಡುವೆ ಒಂದೆರಡು ಬೆರಳು ಹೋಗಬೇಕು. ಮೊದಲ ದಿನ ಹಿಂದೆ ಹಿಂದೆ ನಡೆದು ನಾಟಕ ಮಾಡ್ತಾನೆ, ಕೇರ್ ಮಾಡಬೇಡಿ.

ಅಡಿಕೆಸುಲಿ, ಸಾಗರ | 5:31

ನಮ್ಮದಕ್ಕೂ ಒಂದು ಹೊಲಿದು ಕಳಿಸಿ ಮಾರಾಯ್ರೆ. ಬಣ್ಣ ಯಾವುದಾದರೂ ನಡೆಯುತ್ತೆ, ಊರವರು ನಗದಿದ್ದರೆ ಸಾಕು.